ಪ್ರಶ್ನೆ ಕೇಳಿ ಸುಮ್ನೆ ನಿಲ್ಲೋದು

ಬಿ.ಎಡ್. ಓದುತ್ತಿದ್ದೇನೆ ಅಂದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳೋದು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಯಾವಾಗ, ಕಾಲ್‌ಫಾರ್, ಅಂದ್ರೆ ನೇಮಕಾತಿಗೆ ಅರ್ಜಿ ಕರೆಯೋದು, ಯಾವಾಗ ಅಂತ. ಕೇಳಲಿ, ಕೆಲಸ ಎಲ್ಲರಿಗೂ ಬೇಕು. ಆದರೆ ಈ ಎರಡು ವರ್ಷ ಕಾಲೇಜಲ್ಲಿ ಏನು ಕಲೀತೀಯ ಅಂತ ಇಲ್ಲಿವರೆಗೂ ಯಾರೂ ಕೇಳಿಲ್ಲ. ನಾನೇ ಹೇಳುತ್ತೇನೆ, ಅದೂ ಒಂದೇ ಒಂದು ವಿಷಯ.

ನಾನಿರೋದು ದಾವಣಗೆರೆಯಲ್ಲಿ. ಮೂರನೇ ಸೆಮಿಸ್ಟರ್, ವಿಜ್ಞಾನ ಮೆಥಡ್. ಮೊದಲು ಬಿ.ಎಡ್. ಒಂದು ವರ್ಷ ಇತ್ತು, 2015ರಿಂದ ಎರಡು ವರ್ಷ ಆಯ್ತು. ಹಾಗೆ ಉದ್ದ ಮಾಡಿದ್ದರಿಂದ ಶಾಲೆಯಲ್ಲಿ ಇರೋ ದಿನಗಳು ಜಾಸ್ತಿಯಾದವು, ಇಂಟರ್ನ್‌ಶಿಪ್ ವಾರಗಟ್ಟಲೆ ನಡೆಯುತ್ತದೆ. ಸುಮ್ನೆ ಒಂದು ವರ್ಷ ವೇಸ್ಟ್ ಅನ್ನೋರು ಬಹಳ ಜನ ಇದ್ದಾರೆ. ನಾನು ಒಪ್ಪಲ್ಲ.

ಮೊದಲ ಸೆಮಿಸ್ಟರಲ್ಲಿ ಮೈಕ್ರೋ ಟೀಚಿಂಗ್ ಇರುತ್ತದೆ. ಇದು 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಪದ್ಧತಿ. ನಮ್ಮಲ್ಲಿ ಎನ್‌ಸಿಇಆರ್‌ಟಿ ಅದಕ್ಕೆ 36 ನಿಮಿಷದ ಲೆಕ್ಕ ಹಾಕಿಕೊಟ್ಟಿದೆ. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಕೂತು ಪಾಠ ತಿದ್ದಿಕೊಳ್ಳೋದು, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಒಂದು ಸಲಕ್ಕೆ ಒಂದೇ ಕೌಶಲ. ಪೀಠಿಕೆ ಹಾಕೋದು ಒಂದು ದಿನ, ಕಪ್ಪುಹಲಗೆ ಬಳಸೋದು ಇನ್ನೊಂದು ದಿನ. ಮಕ್ಕಳ ಜಾಗದಲ್ಲಿ ನಮ್ಮ ಗೆಳತಿಯರೇ ಕೂತಿರುತ್ತಾರೆ, ಹಾಗಾಗಿ ಬಹಳ ಜನ ಇದನ್ನು ರೆಕಾರ್ಡ್ ತುಂಬಿಸೋ ಕೆಲಸ ಅಂತ ಮಾಡಿ ಮುಗಿಸುತ್ತಾರೆ.

ಪ್ರಶ್ನೆ ಕೇಳೋ ಕೌಶಲದ ದಿನ ನನ್ನ ಅಬ್ಸರ್ವರ್ ಆಗಿದ್ದವಳು ಜಗಳೂರು ಕಡೆಯ ಗೆಳತಿ. ಮೊಬೈಲಲ್ಲಿ ಸೆಕೆಂಡ್ ನೋಡಿಕೊಂಡು ಕೂತಿದ್ದಳು. ಮುಗಿದ ಮೇಲೆ ಪಟ್ಟಿ ತೋರಿಸಿ ಹೇಳಿದಳು: "ಒಂಬತ್ತು ಪ್ರಶ್ನೆ ಕೇಳಿದೆ ಕಣೇ. ಐದಕ್ಕೆ ನೀನೇ ಉತ್ತರ ಹೇಳಿದೆ. ನಾವು ಬಾಯಿ ತೆಗೆಯೋಕೆ ಟೈಮೇ ಕೊಡಲಿಲ್ಲ."

ಅವತ್ತು ರಾತ್ರಿ ಹಾಸ್ಟೆಲಲ್ಲಿ ಅದೇ ತಲೆಯಲ್ಲಿತ್ತು. ಆಮೇಲೆ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಕೆಲಸದ ಬಗ್ಗೆ ಓದಿದೆ. 1970ರ ದಶಕದಲ್ಲಿ ಅವರು ತರಗತಿಗಳ ಟೇಪುಗಳನ್ನು ಕೇಳಿ ಕೇಳಿ ಅಳತೆ ಮಾಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಕಾಯೋದು ಹೆಚ್ಚುಕಡಿಮೆ ಒಂದೇ ಸೆಕೆಂಡ್. ಅದನ್ನು ಮೂರು ಸೆಕೆಂಡ್ ಅಥವಾ ಇನ್ನೂ ಜಾಸ್ತಿ ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಯಾವತ್ತೂ ಮಾತಾಡದ ಮಕ್ಕಳು ಮಾತಾಡುತ್ತಾರೆ, ಮಕ್ಕಳೇ ಪ್ರಶ್ನೆ ಕೇಳೋಕೆ ಶುರು ಮಾಡುತ್ತಾರೆ. ಇನ್ನೊಂದು ಮಾತೂ ಅವರು ಹೇಳಿದ್ದಾರೆ, ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಕಾಯಬೇಕು.

ಓದೋಕೆ ಸುಲಭ. ಈಗ ಇಂಟರ್ನ್‌ಶಿಪ್ಪಿಗೆ ಬನ್ನಿ.

ನನಗೆ ಸಿಕ್ಕಿದ್ದು ಭರಮಸಾಗರದ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ಕ್ಲಾಸು, ಪಾಠ ತೇಲುವಿಕೆ. ಲೆಸನ್ ಪ್ಲಾನಲ್ಲಿ ಚೆನ್ನಾಗಿ ಬರೆದುಕೊಂಡು ಹೋಗಿದ್ದೆ: ಬಾವಿಯಿಂದ ನೀರು ಸೇದುವಾಗ ಕೊಡ ನೀರೊಳಗೆ ಇರೋವರೆಗೂ ಹಗುರ, ಹೊರಗೆ ಬಂದ ಕೂಡಲೇ ಭಾರ, ಯಾಕೆ? ಕೇಳಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಹೊಳೆಯಿತು, ಈ ಸೀಮೆಯಲ್ಲಿ ಸೇದುವ ಬಾವಿ ಬತ್ತಿ ಎಷ್ಟೋ ಕಾಲ ಆಗಿದೆ, ಏನಿದ್ದರೂ ಬೋರು. ಈ ಮಕ್ಕಳು ಹಗ್ಗ ಹಿಡಿದು ನೀರು ಸೇದಿಯೇ ಇಲ್ಲ. ನನ್ನ ಅಜ್ಜಿ ಮನೆಯ ನೆನಪನ್ನು ತಂದು ಅವರ ಮುಂದೆ ಇಟ್ಟಿದ್ದೆ.

ಪ್ರಶ್ನೆ ಬದಲಾಯಿಸಿದೆ. "ನೀರೊಳಗೆ ಏನಾದ್ರೂ ಒತ್ತಿದಾಗ ಕೈಗೆ ಏನನಿಸುತ್ತೆ?" ಅಂದು ಸುಮ್ಮನಾದೆ. ಒಂದು, ಎರಡು, ಮೂರು. ಕ್ಲಾಸಲ್ಲಿ ಮೂರು ಸೆಕೆಂಡ್ ಎಷ್ಟು ಉದ್ದ ಅನ್ನೋದು ಅಲ್ಲಿ ನಿಂತವರಿಗೇ ಗೊತ್ತು. ನಾಲಿಗೆ ತುದಿಗೆ ಉತ್ತರ ಬಂದು ಕೂತಿತ್ತು. ಕೈಯಲ್ಲಿದ್ದ ಚಾಕ್‌ಪೀಸ್ ಗಟ್ಟಿಯಾಗಿ ಹಿಡಿದುಕೊಂಡೆ.

ಮೂರನೇ ಬೆಂಚಿನ ಒಂದು ಹುಡುಗಿ, ಎರಡು ವಾರದಿಂದ ಅವಳ ದನಿಯನ್ನೇ ಕೇಳಿರಲಿಲ್ಲ, ಜಡೆಯ ಟೇಪು ಬೆರಳಿಗೆ ಸುತ್ತುತ್ತಾ ಇದ್ದವಳು ಎದ್ದು ನಿಂತಳು. ಎರಡೂ ಅಂಗೈ ಮುಂದೆ ಚಾಚಿ ಗಾಳಿಯಲ್ಲೇ ಏನನ್ನೋ ಕೆಳಕ್ಕೆ ಒತ್ತಿ ತೋರಿಸಿದಳು. "ಮಿಸ್, ದನ ನೀರು ಕುಡಿಯೋ ತೊಟ್ಟಿಲಿ ಖಾಲಿ ಬಿಂದಿಗೆ ಬೋರಲು ಹಾಕಿ ಒತ್ತಿದ್ರೆ ಕೈನ ಮೇಲಕ್ಕೆ ತಳ್ಳುತ್ತೆ."

ವೆರಿ ಗುಡ್ ಅಂತ ಬೋರ್ಡಿಗೆ ತಿರುಗೋದರಲ್ಲಿದ್ದೆ, ತಡೆದುಕೊಂಡೆ. ಮತ್ತೆ ಎಣಿಸಿದೆ. ಹಿಂದಿನ ಬೆಂಚಿಂದ ಒಬ್ಬ ಹುಡುಗ ಕೂತಲ್ಲಿಂದಲೇ ಹೇಳಿದ: "ದೊಡ್ಡ ಬಿಂದಿಗೆ ಆದ್ರೆ ಜಾಸ್ತಿ ತಳ್ಳುತ್ತೆ ಮಿಸ್. ಚೊಂಬಾದ್ರೆ ಅಷ್ಟಿಲ್ಲ."

ನನಗೆ ಮೈ ಜುಂ ಅಂತು. ಆರ್ಕಿಮಿಡೀಸ್ ಹೇಳಿದ್ದು ಇದೇ ಅಲ್ವಾ, ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಆ ನೀರಿನ ತೂಕದಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಅದರ ಮುಕ್ಕಾಲು ಭಾಗ ಈ ಇಬ್ಬರು ತೊಟ್ಟಿ ಹತ್ತಿರ ನಿಂತು ಕಂಡುಕೊಂಡಿದ್ದರು, ಯಾರೂ ಕೇಳಿರಲಿಲ್ಲ ಅಷ್ಟೇ.

ಅವತ್ತು ಪಾಠ ಪೂರ್ತಿ ಆಗಲಿಲ್ಲ. ನಾವು ಪಾಠವನ್ನು ಐದು ಹಂತ ಮಾಡಿ ಬರೆಯೋ 5ಇ ಪ್ಲಾನಿನ ಕೊನೆಯ ಹಂತ, ಮೌಲ್ಯಮಾಪನ, ಉಳಿದೇ ಹೋಯಿತು. ಹಿಂದೆ ಕೂತು ನೋಡಿದವರು ಶೀಟಿನಲ್ಲಿ "ಸಮಯ ಪಾಲನೆ ಕಡೆ ಗಮನ ಕೊಡಿ" ಅಂತ ಬರೆದರು. ಬೇಜಾರಾಯಿತು, ಸುಳ್ಳು ಹೇಳಲ್ಲ. ಅವರು ಬರೆದಿದ್ದು ಸರಿಯೇ, ಪೀರಿಯಡ್ ಮುಗಿಯೋದರೊಳಗೆ ಪಾಠ ಮುಗಿಸೋದನ್ನು ನಾನು ಕಲಿಯಬೇಕು. ಆದರೆ ಆ ಶೀಟಿನಲ್ಲಿ ಧ್ವನಿಗೆ, ಹಲಗೆಯ ಅಕ್ಷರಕ್ಕೆ, ಕಲಿಕೋಪಕರಣಕ್ಕೆ ಎಲ್ಲಕ್ಕೂ ಕಾಲಂ ಇದೆ, ಟೀಚರ್ ಎಷ್ಟು ಹೊತ್ತು ಕಾದರು ಅನ್ನೋದಕ್ಕೆ ಮಾತ್ರ ಇಲ್ಲ. ಇರಬೇಕು. ಮೈಕ್ರೋ ಟೀಚಿಂಗಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಗೂ ಬರೀ ಕಾಯೋದಕ್ಕೇ ಅಂತ ಒಂದು ದಿನ ಕೊಡಬೇಕು.

ಈಗ ನನ್ನ ಲೆಸನ್ ಪ್ಲಾನಿನಲ್ಲಿ ಪ್ರಶ್ನೆಗಳ ಪಕ್ಕ ಪೆನ್ಸಿಲಿನಲ್ಲಿ ಮೂರು ಚುಕ್ಕೆ ಇಟ್ಟುಕೊಳ್ಳುತ್ತೇನೆ.

ಮಾರನೇ ದಿನ ಅಡುಗೆಮನೆಯ ಅಕ್ಕನ ಹತ್ತಿರ ಬಿಸಿಯೂಟದ ದೊಡ್ಡ ಪಾತ್ರೆಯೊಂದನ್ನು ಕೇಳಿ ತಂದು, ನೀರು ತುಂಬಿಸಿ ವರಾಂಡದಲ್ಲಿ ಇಟ್ಟೆವು. ಬಿಂದಿಗೆ ಆ ಹುಡುಗಿಯೇ ಮನೆಯಿಂದ ತಂದಿದ್ದಳು. ಸಾಲಾಗಿ ನಿಂತು ಎಲ್ಲರೂ ಒತ್ತಿ ನೋಡಿದರು, ಯೂನಿಫಾರಂ ತೋಳು ಒದ್ದೆ ಮಾಡಿಕೊಂಡರು. ಕೊನೆಗೆ ಅವಳು ಬಿಂದಿಗೆಯೊಳಗೆ ನೀರು ಬಿಟ್ಟುಕೊಂಡು, ಅದು ಮುಳುಗೋದನ್ನು ನೋಡುತ್ತಾ ಕೇಳಿದಳು: "ನೀರು ತುಂಬಿದ ಮೇಲೆ ಯಾಕೆ ತಳ್ಳಲ್ಲ ಮಿಸ್? ಅಥವಾ ಆಗ್ಲೂ ತಳ್ತಾ ಇರುತ್ತಾ?"

ಉತ್ತರ ಹುಡುಕೋಕೆ ಇಡೀ ಕ್ಲಾಸಿಗೆ ಮಂಗಳವಾರದವರೆಗೆ ಟೈಮ್ ಕೊಟ್ಟಿದ್ದೇನೆ.