ಸತ್ತ ತಾಯಿಯ ಹೊಟ್ಟೆಯೊಳಗೆ ಬೇಸಿಗೆ

ಮೇ ತಿಂಗಳಲ್ಲಿ ತಂಗಿಯ ಮಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಅವನು ಪಶ್ಚಿಮ ಆಸ್ಟ್ರೇಲಿಯಾದ ಒಂದು ಫಾರ್ಮಿನಲ್ಲಿ ಕೆಲಸಕ್ಕಿದ್ದಾನೆ. ಆಗಷ್ಟೇ ಮೊಳೆತ ಕನೋಲಾ ಗಿಡ, ನಮ್ಮ ಸಾಸಿವೆಯ ನೆಂಟ, ಅದರ ಎಲೆಯೆಲ್ಲ ಬೂದಿ ಸವರಿದ ಹಾಗೆ ಬೆಳ್ಳಗಾಗಿತ್ತು. "ಮಾವ, ಇದೆಂತ?" ಅಂತ ಕೇಳಿದ. ನಾನು ಬದಿಯಡ್ಕದ ಜಗಲಿಯಲ್ಲಿ ಕೂತು ದೊಡ್ಡ ತಜ್ಞನ ಹಾಗೆ "ಎಂತ ಇಲ್ಲ, ನೀರು ಕಮ್ಮಿ" ಅಂದುಬಿಟ್ಟೆ.

ಮರುದಿನ ವಿಡಿಯೋ ಬಂತು. ಮಣ್ಣಿನ ಮೇಲೆ ಸಾಸಿವೆಕಾಳಿಗಿಂತ ಸಣ್ಣ ಕಪ್ಪು ಚುಕ್ಕೆಗಳು, ಒಂದೊಂದಕ್ಕೂ ಎಂಟು ಕೆಂಪು ಕಾಲು, ಸರಸರ ಓಡಾಟ. ನುಸಿ! ಹ್ಯಾಲೋಟೈಡಿಯಸ್ ಅನ್ನುವ ಕುಲದ್ದು. ಎಲೆಯ ಜೀವಕೋಶ ಚುಚ್ಚಿ ರಸ ಹೀರುತ್ತದೆ, ಅದಕ್ಕೇ ಆ ಬಿಳುಪು. ಮೂಲ ದಕ್ಷಿಣ ಆಫ್ರಿಕಾ. ಆಸ್ಟ್ರೇಲಿಯಾದ ಬನ್‌ಬರಿಯಲ್ಲಿ 1917ರಲ್ಲಿ ಮೊದಲು ಕಂಡದ್ದಂತೆ. ಈಗ ದನ ಕುರಿ ಮೇಯುವ ಹುಲ್ಲುಗಾವಲನ್ನೂ ಬಿಡುವುದಿಲ್ಲ.

ನನಗೆ ನಿದ್ದೆ ಕೆಡಿಸಿದ್ದು ಬೇರೆಯೇ ವಿಷಯ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಬೇಸಿಗೆಗೆ ಮುಂಚಿನ ಹೆಣ್ಣು ನುಸಿಗಳು ದಪ್ಪ ಚಿಪ್ಪಿನ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಸತ್ತುಹೋಗುತ್ತವೆ. ಒಣಗಿದ ಆ ಹೆಣವೇ ಮೊಟ್ಟೆಗೆ ಗೂಡು. ಮತ್ತೆ ತಂಪಾಗಿ ಒಂದು ಮಳೆ ಬಿದ್ದರೆ ಮರಿಗಳು ಹೊರಗೆ! ಸರಿಯಾಗಿ ಗಿಡ ಮೊಳೆಯುವ ಹೊತ್ತಿಗೇ. ಹಾಗಾಗಿ ಆ ಮೊಟ್ಟೆ ಕಟ್ಟುವ ಮೊದಲೇ ಔಷಧಿ ಹೊಡೆಯಬೇಕು, ಅವನ ಧಣಿ ಕ್ಯಾಲೆಂಡರಿನಲ್ಲಿ ದಿನವನ್ನೇ ಗುರುತು ಹಾಕಿಟ್ಟಿದ್ದಾನಂತೆ. ಸುಮ್ನೆ ಸಿಕ್ಕಾಗೆಲ್ಲ ಹೊಡೆದವರ ಗತಿ ಗೊತ್ತಲ್ವಾ, 2006ರಲ್ಲೇ ಅಲ್ಲಿ ಕೆಲವು ಹೊಲದ ನುಸಿಗೆ ಸಿಂಥೆಟಿಕ್ ಪೈರೆಥ್ರಾಯ್ಡ್ ಔಷಧಿ ನಾಟುತ್ತಿರಲಿಲ್ಲ.

ನಮ್ಮ ತೆಂಗಿನ ನುಸಿಯೂ ಇಂಥದೇ ಕಳ್ಳ. 1998ರಲ್ಲಿ ಎರ್ನಾಕುಳಂ ಕಡೆ ಪತ್ತೆಯಾದದ್ದು ಈಗ ನಮ್ಮ ತೋಟದಲ್ಲಿ ಖಾಯಂ. ಅದಕ್ಕೆ ನಾಲ್ಕೇ ಕಾಲು, ಬರಿಗಣ್ಣಿಗೆ ಕಾಣುವುದೇ ಇಲ್ಲ. ಎಳೆಕಾಯಿಯ ತೊಟ್ಟಿನ ಟೊಪ್ಪಿಯಡಿ ಅಡಗಿ ಕೂರುತ್ತದೆ. ಕಾಯಿ ದೊಡ್ಡದಾದ ಮೇಲೆ ಕಂದು ಕಲೆ, ಬಿರುಕು ಕಂಡು ನಾವು ಬಾಯಿ ಬಡಿದುಕೊಳ್ಳುತ್ತೇವೆ, ಅಷ್ಟರಲ್ಲಿ ಅದರ ಊಟ ಮುಗಿದಿರುತ್ತದೆ.

ತೆಂಗಿನ ನುಸಿಗೆ ಹೊಡೆಯಲು ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿ, 5 ಗ್ರಾಂ ಸಾಬೂನು. ಎಲ್ಲ ತಂದಿಟ್ಟಿದ್ದೇನೆ. ಬೆಳ್ಳುಳ್ಳಿಯಲ್ಲಿ ಅರ್ಧ ಆಗಲೇ ಸಾರಿಗೆ ಹೋಯ್ತು. ಮರ ಹತ್ತುವವನು ಮೂರು ವಾರದಿಂದ "ನಾಳೆ ಬರ್ತೇನೆ" ಅನ್ನುತ್ತಿದ್ದಾನೆ.