ಬಯೋಡಾಟಾದಲ್ಲಿ ಬರೆಯದೆ ಬಿಟ್ಟಿದ್ದ ಕೆಲಸಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಅಡಿಕೆ ಅಂಗಡಿಯಲ್ಲಿ ನಾನು 24 ವರ್ಷ ಲೆಕ್ಕ ಬರೆದೆ. ಸೇರಿದ್ದು 1999ರಲ್ಲಿ. 2023ರಲ್ಲಿ ಧನಿಗಳು ವಯಸ್ಸಾಯಿತೆಂದು ಅಂಗಡಿ ಮುಚ್ಚಿದರು. ಮಕ್ಕಳಿಬ್ಬರೂ ಗಲ್ಫಿನಲ್ಲಿ, ನಡೆಸುವವರು ಬೇರೆ ಯಾರೂ ಇರಲಿಲ್ಲ. ಆಗ ನನಗೆ 51. ಮನೆ ಸಾಲದ ಕಂತು ಇನ್ನೂ ಮುಗಿದಿರಲಿಲ್ಲ.

ನಾಲ್ಕು ತಿಂಗಳು ಕಾಸರಗೋಡು, ಮಂಗಳೂರು ಎಂದು ಅಲೆದೆ. ಬಯೋಡಾಟಾದಲ್ಲಿ ಇದ್ದದ್ದು ಇಷ್ಟೇ: ಬಿ.ಕಾಂ., ಅಕೌಂಟೆಂಟ್, 24 ವರ್ಷ ಅನುಭವ. ಕೈಗೆ ತೆಗೆದುಕೊಂಡವರು ಮೊದಲು ನೋಡುತ್ತಿದ್ದದ್ದು ಹುಟ್ಟಿದ ವರ್ಷ. ಮಂಗಳೂರಿನ ಒಂದು ಕಡೆ “ಟ್ಯಾಲಿ ಪ್ರೈಮ್ ಬರುತ್ತಾ?” ಎಂದು ಕೇಳಿದರು. ಅದು ಲೆಕ್ಕ ಬರೆಯುವ ಸಾಫ್ಟ್‌ವೇರಿನ ಹೊಸ ಆವೃತ್ತಿ. ನಮ್ಮಲ್ಲಿ ಇದ್ದದ್ದು ಅದರ ಹಳೆಯ ಆವೃತ್ತಿ, ಇಆರ್‌ಪಿ 9. ಇಲ್ಲ ಎಂದೆ. ಮಾತು ಅಲ್ಲಿಗೇ ಮುಗಿಯಿತು. ಇನ್ನೊಂದು ಕಡೆ ಸಂಬಳ ಎಷ್ಟು ಬೇಕು ಎಂದಾಗ “ನೀವು ಕೊಟ್ಟಷ್ಟು ಸಾಕು” ಎಂದುಬಿಟ್ಟೆ. ಆ ಮಾತು ಆಡಬಾರದಿತ್ತು. ಕೆಲಸ ಬಲ್ಲವರು ತಮ್ಮ ಕೆಲಸದ ಬೆಲೆ ಹೇಳಬೇಕು.

ಆ ರಜೆಗೆ ಅಕ್ಕನ ಮಗಳು ಬಂದಿದ್ದಳು. ನನ್ನ ಕಾಗದ ಓದಿ, “ಚಿಕ್ಕಮ್ಮ, ಇದರಲ್ಲಿ ನೀವು ಕಾಣ್ತಾನೇ ಇಲ್ಲ. ಅಂಗಡಿ ಬಾಗಿಲು ತೆರೆದಲ್ಲಿಂದ ಸಂಜೆವರೆಗೆ ಏನೇನು ಮಾಡ್ತಿದ್ರಿ, ಒಂದೊಂದೇ ಹೇಳಿ. ನಾನು ಬರೀತೇನೆ” ಎಂದಳು.

ಹೇಳುತ್ತಾ ಹೋದೆ. ಬೆಳಿಗ್ಗೆ ಹಿಂದಿನ ದಿನದ ತೂಕದ ಚೀಟಿಗೂ ನಗದು ಪುಸ್ತಕಕ್ಕೂ ತಾಳೆ ನೋಡುವುದು. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು, ಒಂದೊಂದಕ್ಕೂ ಬೇರೆ ದರ, ಬೇರೆ ಲೆಕ್ಕ. ಮಳೆಗಾಲದಲ್ಲಿ ಮುಂಗಡ ತೆಗೆದುಕೊಂಡ ಕೃಷಿಕರ ಖಾತೆ ಬೇರೆ. ಮಂಗಳೂರಿಗೆ ಲೋಡು ಕಳಿಸಿದರೆ ಕರ್ನಾಟಕದ ಗಡಿಯ ತಲಪಾಡಿ ದಾಟಿದ ಕೂಡಲೇ ಅದು ಅಂತರರಾಜ್ಯ ಮಾರಾಟ. ದಾರಿ ಹತ್ತಿರದ್ದೇ, ಕಾಗದಪತ್ರ ಮಾತ್ರ ದೆಹಲಿಗೆ ಕಳಿಸಿದಷ್ಟೇ. ಜಿಎಸ್‌ಟಿ ಬರುವ ಮೊದಲು ಇದಕ್ಕೆ ಸಿ ಫಾರಂ ಬೇಕಿತ್ತು. ಕೊಂಡವರು ಅದನ್ನು ಕೊಡದಿದ್ದರೆ ಕಡಿಮೆ ದರದ ತೆರಿಗೆ ಸಿಗುವುದಿಲ್ಲ, ವ್ಯತ್ಯಾಸ ನಮ್ಮ ತಲೆಗೆ. ಫೋನ್ ಮಾಡಿ ಮಾಡಿ, ಕೆಲವೊಮ್ಮೆ ನಾನೇ ಬಸ್ಸು ಹತ್ತಿ ಹೋಗಿ ಆ ಫಾರಂ ತರುತ್ತಿದ್ದೆ.

“ತೆರಿಗೆ ಎಷ್ಟು ಸಲ ಬದಲಾಯ್ತು?” ಎಂದು ಕೇಳಿದಳು. ನಾನು ಸೇರುವಾಗ ಹಳೆಯ ಮಾರಾಟ ತೆರಿಗೆ. 2005ರಲ್ಲಿ ವ್ಯಾಟ್. 2017ರ ಜುಲೈ 1ರಿಂದ ಜಿಎಸ್‌ಟಿ. ಮರುವರ್ಷ ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಇ-ವೇ ಬಿಲ್. ಒಂದೊಂದು ಸಲವೂ ಮೊದಲಿಂದ ಕಲಿತಿದ್ದೆ. ಈ ವಯಸ್ಸಿನಲ್ಲಿ ಹೊಸದು ಕಲಿಯುತ್ತೀರಾ ಎಂದು ಕೇಳಿದವರಿಗೆಲ್ಲ ಇಷ್ಟು ಹೇಳಿದ್ದರೆ ಸಾಕಿತ್ತು, ಅಲ್ವಾ? ನನಗೆ ಹೊಳೆದಿರಲಿಲ್ಲ.

ಭಾಷೆಯ ಜಾಗದಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಎಂದು ಮಾತ್ರ ಬರೆದಿದ್ದೆ. ದಿನಾ ಗಿರಾಕಿಗಳ ಹತ್ತಿರ ಆಡುತ್ತಿದ್ದ ತುಳು ಬಿಟ್ಟುಹೋಗಿತ್ತು. ಅದನ್ನೂ ಸೇರಿಸಿದೆವು.

ಅವಳ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ಪ್ರೈಮ್ ಹಾಕಿಸಿಕೊಂಡೆ. ಎಜುಕೇಷನಲ್ ಮೋಡ್‌ಗೆ ದುಡ್ಡು ಬೇಡ. ತಿಂಗಳ ಕೆಲವೇ ತಾರೀಖುಗಳಿಗೆ ಮಾತ್ರ ಎಂಟ್ರಿ ಹಾಕಬಹುದು, ಕಲಿಯುವುದಕ್ಕೆ ಅದು ಧಾರಾಳ. ಹದಿನೈದು ದಿನದಲ್ಲಿ ಕೈ ಕೂತಿತು.

ಆಮೇಲೆ ಹೋದದ್ದು ಕಾಸರಗೋಡಿನ ಒಬ್ಬ ತೆರಿಗೆ ಸಲಹೆಗಾರರ ಕಚೇರಿಗೆ. ಅವರಿಗೆ ಮೂವತ್ತೈದು ಇರಬಹುದು. ಈ ಸಲ ನಾನೇ ಮೊದಲು ಕೇಳಿದೆ: “ಈಗ ನಿಮಗೆ ಯಾವ ಕೆಲಸ ಜಾಸ್ತಿ ಕಷ್ಟ ಆಗ್ತಾ ಇದೆ?” ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ ಒಂದು ಪ್ಲಾಸ್ಟಿಕ್ ತೊಟ್ಟೆ ತಂದು ಮೇಜಿನ ಮೇಲಿಟ್ಟರು. ಪೆರ್ಲ ಕಡೆಯ ಹಳೆಯ ವ್ಯಾಪಾರಿಯೊಬ್ಬರ ಖರೀದಿ ಚೀಟಿಗಳು. ಎಲ್ಲ ಕೈಬರಹ, ಅಂಕಿ ಕೂಡ ಕನ್ನಡದ್ದು. ಕಚೇರಿಯ ಹುಡುಗರೆಲ್ಲ ಮಲಯಾಳ ಮಾಧ್ಯಮದಲ್ಲಿ ಕಲಿತವರು. ಒಂದೆರಡು ಕಡೆ ೧ ಅನ್ನು ಸೊನ್ನೆ ಎಂದು ಓದಿದ್ದರು. ಪಟೋರದ ತೂಕವನ್ನು ಹೊಸ ಅಡಿಕೆಗೆ ಸೇರಿಸಿದ್ದರು. ಅಲ್ಲೇ ಕೂತು ಓದಿ ತಿದ್ದಿದೆ. ಒಂದು ಗಂಟೆ ಹಿಡಿಯಿತು. ವಯಸ್ಸಿನ ಮಾತೇ ಬರಲಿಲ್ಲ. ಸಂಬಳ ಕೇಳಿದಾಗ ಹಿಂದಿನದಕ್ಕಿಂತ ಎರಡು ಸಾವಿರ ಜಾಸ್ತಿ ಹೇಳಿದೆ. ಒಪ್ಪಿದರು.

ಈಗ ಪಕ್ಕದ ಮೇಜಿನ ಹುಡುಗಿ ನನಗೆ ಜಿಎಸ್‌ಟಿ ಪೋರ್ಟಲಿನಲ್ಲಿ 2ಬಿ, ಅಂದರೆ ಮಾರಿದವರು ಹಾಕಿದ ಬಿಲ್ಲುಗಳ ಪಟ್ಟಿ, ನಮ್ಮ ಲೆಕ್ಕಕ್ಕೆ ತಾಳೆ ನೋಡುವುದನ್ನು ಕಲಿಸುತ್ತಾಳೆ. “ಚೇಚಿ (ಅಕ್ಕ), ಹೀಗಲ್ಲ” ಎಂದು ಧೈರ್ಯವಾಗಿ ಹೇಳುತ್ತಾಳೆ. ಅವಳು ಹಾಗೆ ಹೇಳುವುದು ನನಗೆ ಇಷ್ಟ. ಅವಳಿಗೆ ಕನ್ನಡ ಅಂಕಿ ನಾನು ಹೇಳಿಕೊಟ್ಟೆ.

ನನ್ನ ಹಾಗೆ ಸಣ್ಣ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿಯುತ್ತಿರುವವರಿಗೆ ಒಂದು ಮಾತು ಹೇಳಲೇಬೇಕು. ನಮಗೆ ಪಿಎಫ್ ಇರಲಿಲ್ಲ, ನೇಮಕಾತಿ ಪತ್ರವೂ ಇರಲಿಲ್ಲ. 24 ವರ್ಷಕ್ಕೆ ಸಾಕ್ಷಿ ಎಂದರೆ ಧನಿಗಳು ಅಂಗಡಿಯ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಒಂದು ಪುಟ. ಎಂದಿನಿಂದ ಎಂದಿನವರೆಗೆ ಇದ್ದೆ, ಏನೇನು ನೋಡಿಕೊಳ್ಳುತ್ತಿದ್ದೆ ಎಂದು ಬರೆದು ಸಹಿ ಹಾಕಿದ್ದರು. ನನಗೆ ಸಂಕೋಚ ಇತ್ತು, ಅಕ್ಕ ಒತ್ತಾಯ ಮಾಡಿದ್ದಕ್ಕೆ ಹೋಗಿ ಕೇಳಿದ್ದೆ. ನೀವೂ ಅಂಗಡಿ ನಡೆಯುತ್ತಿರುವಾಗಲೇ ಕೇಳಿಟ್ಟುಕೊಳ್ಳಿ. ಧನಿಗಳು ಕಳೆದ ಮಳೆಗಾಲದಲ್ಲಿ ತೀರಿಕೊಂಡರು.