ಶಿವರಾತ್ರಿಯ ಚಳಿ, ಲ್ಯಾಬ್ರಡಾರಿನ ಕೂದಲು

ಶಿವರಾತ್ರಿ ಬಂದರೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಮೈಸೂರಿನ ನಮ್ಮ ಮನೆಯಲ್ಲಿ ಆ ಹೊತ್ತಿಗೆ ನಮ್ಮ ಲ್ಯಾಬ್ರಡಾರ್ ರಾಜನ ಕೂದಲೂ ಹೊರಟು ನಿಲ್ಲುತ್ತದೆ. ವರ್ಷವಿಡೀ ಅಷ್ಟಿಷ್ಟು ಉದುರುತ್ತಲೇ ಇರುವುದು ಆಗ ಹಿಡಿಹಿಡಿಯಾಗಿ ಬರತೊಡಗುತ್ತದೆ. ಸೋಫಾ, ಚಾಪೆ, ಒಗೆದು ಮಡಿಸಿಟ್ಟ ಪಂಚೆ ಯಾವುದನ್ನೂ ಬಿಡುವುದಿಲ್ಲ. ಈ ಸಲ ದೇವರ ಮನೆಯ ಹೊಸ್ತಿಲಿನ ಮೇಲೂ ಕೂದಲು ಕಂಡ ಅಮ್ಮ, "ಇದಕ್ಕೇನಾದರೂ ದಾರಿ ಮಾಡು, ಇಲ್ಲದಿದ್ದರೆ ಇವನ ಜೊತೆ ನೀನೂ ಮಹಡಿಯ ಮೇಲೇ ಇದ್ದುಬಿಡು" ಎಂದರು. ಮರುದಿನ ಭಾನುವಾರವಾದ್ದರಿಂದ ರಾಜನನ್ನು ಪಶುವೈದ್ಯರಲ್ಲಿಗೆ ಕರೆದೊಯ್ದೆ.

"ಬೇಸಿಗೆ ಬಂತಲ್ಲ, ಪೂರ್ತಿ ಬೋಳಿಸಿಬಿಡಿ" ಎಂದು ಪಕ್ಕದ ಮನೆಯವರು ಸಲಹೆ ಕೊಟ್ಟಿದ್ದರು. ವೈದ್ಯರು ಅದಕ್ಕೆ ಸುತರಾಂ ಒಪ್ಪಲಿಲ್ಲ. ಲ್ಯಾಬ್ರಡಾರ್ ನಾಯಿಗಳ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ತಣ್ಣೀರಿನಲ್ಲಿ ದುಡಿದವು. ನೀರು ಜಾರಿಸುವ ಒರಟು ಮೇಲ್ಗೂದಲು, ಅದರಡಿಯಲ್ಲಿ ಹತ್ತಿಯಂಥ ಒಳಗೂದಲು, ಹೀಗೆ ಎರಡು ಪದರ ಅವುಗಳಿಂದ ಬಂದ ಆಸ್ತಿ. ಹಗಲು ಉದ್ದವಾಗುತ್ತಿದ್ದಂತೆ ಒಳಪದರ ಕಳಚುತ್ತದೆ. ಮನೆಯೊಳಗೆ ರಾತ್ರಿಯವರೆಗೂ ದೀಪದ ಬೆಳಕಿನಲ್ಲಿರುವ ನಾಯಿಗಳಿಗೆ ಈ ಲೆಕ್ಕ ತಪ್ಪುವುದರಿಂದ ವರ್ಷವಿಡೀ ಉದುರುವುದೂ ಉಂಟು. ಬೋಳಿಸಿದರೆ ಉದುರುವುದು ನಿಲ್ಲುವುದಿಲ್ಲ, ಉದ್ದ ಕೂದಲಿನ ಬದಲು ಮೊಟಕು ಕೂದಲು ಉದುರುತ್ತದೆ, ಅಷ್ಟೇ. ಚರ್ಮಕ್ಕೆ ಬಿಸಿಲಿನಿಂದ ಇದ್ದ ರಕ್ಷಣೆಯೂ ಹೋಗುತ್ತದೆ, ಕೆಲವು ನಾಯಿಗಳಲ್ಲಿ ಮತ್ತೆ ಬರುವ ಕೂದಲು ಮೊದಲಿನಂತೆ ಇರುವುದೂ ಇಲ್ಲ.

ಇಷ್ಟು ಹೇಳುವ ಮೊದಲೇ ಅವರು ರಾಜನ ಕೊರಳಪಟ್ಟಿಯ ಅಡಿ, ಕಂಕುಳು, ಕಾಲ್ಬೆರಳುಗಳ ಸಂದು ಎಲ್ಲವನ್ನೂ ರಕ್ತ ಹೀರುವ ಉಣ್ಣೆಹುಳುಗಳಿಗಾಗಿ ಬಿಡಿಸಿ ನೋಡಿದ್ದರು. "ಚರ್ಮ ಕಾಣುವಷ್ಟು ಬೋಳಾದರೆ, ಬಿಡದೆ ಕೆರೆದುಕೊಂಡರೆ, ಎರಡೂ ಪಕ್ಕೆಗಳಲ್ಲಿ ಒಂದೇ ಸಮ ಕೂದಲು ತೆಳುವಾದರೆ ನೇರ ಇಲ್ಲಿಗೆ ಕರೆತನ್ನಿ, ಥೈರಾಯ್ಡನ್ನೂ ನೋಡಬೇಕಾಗುತ್ತದೆ. ಇವನಿಗೆ ಬೇಕಿರುವುದು ಬಾಚಣಿಗೆ" ಎಂದರು.

ಮಧ್ಯಾಹ್ನ ತಾರಸಿಯ ನೆರಳಿನಲ್ಲಿ ಗೋಣಿಚೀಲ ಹಾಸಿ, ಒಳಗೂದಲು ತೆಗೆಯುವ ಅಗಲ ಹಲ್ಲಿನ ಬಾಚಣಿಗೆ ಹಿಡಿದು ಕುಳಿತೆ. ಬೆನ್ನಿನ ಮೇಲೆ ಅಷ್ಟೇನೂ ಬರಲಿಲ್ಲ. ಕುತ್ತಿಗೆಯ ಸುತ್ತ ಮತ್ತು ತೊಡೆಯ ಹಿಂಭಾಗದಲ್ಲಿ, ಎಡಗೈಯಿಂದ ಚರ್ಮವನ್ನು ಮೆಲ್ಲಗೆ ಬಿಗಿಹಿಡಿದು ಕೂದಲು ಮಲಗುವ ದಿಕ್ಕಿಗೆ ಎಳೆದಾಗ, ತಿಳಿಹಳದಿಯ ಕೂದಲು ಅರಳೆಯಂತೆ ಉಂಡೆಯುಂಡೆಯಾಗಿ ಎದ್ದು ಬಂತು. ಗಾಳಿಗೆ ಹಾರದಂತೆ ಕೈ ಒದ್ದೆ ಮಾಡಿಕೊಂಡು ಅದನ್ನು ಚೀಲಕ್ಕೆ ತುಂಬುತ್ತಿದ್ದೆ. ಒಂದೇ ಕಡೆ ಹೆಚ್ಚು ಹೊತ್ತು ಎಳೆದರೆ ಚರ್ಮ ಕೆಂಪಾಗುವುದರಿಂದ ಜಾಗ ಬದಲಿಸುತ್ತಲೇ ಇರಬೇಕು. ಹೊಟ್ಟೆಯ ಭಾಗಕ್ಕೆ ಬಂದಾಗ ರಾಜ ನಾಲ್ಕೂ ಕಾಲೆತ್ತಿ ಮಲಗಿ, ಕೆಲಸ ಮುಗಿಯಿತೆಂದು ನಾನು ಏಳಲು ಹೋದರೆ ಮುಂಗಾಲಿನಿಂದ ತಡೆಯುತ್ತಿದ್ದ. ಮನೆಯಲ್ಲಿ ಇಷ್ಟು ಸೇವೆ ನನಗೂ ಸಿಕ್ಕಿಲ್ಲ.

ಸ್ನಾನ ಮಾಡಿಸಿದ ಮೇಲೆ ಇನ್ನೊಂದು ಸುತ್ತು ಸಡಿಲ ಕೂದಲು ಬಂತು. ಬಳಸಿದ್ದು ನಾಯಿಗಳದೇ ಶಾಂಪೂ. ನಮ್ಮ ಚರ್ಮದ ಆಮ್ಲೀಯತೆಯೇ ಬೇರೆ, ಅವುಗಳದೇ ಬೇರೆ. ಒಳಪದರದಲ್ಲಿ ತೇವ ಉಳಿದರೆ ಹುಣ್ಣಾಗಬಹುದಾದ್ದರಿಂದ ಬುಡದವರೆಗೂ ಒರೆಸಿ ಒಣಗಿಸಿದೆ.

ಉಳಿದದ್ದು ಊಟದ ಪ್ರಶ್ನೆ. ಕೂದಲು ಬಹುಪಾಲು ಪ್ರೋಟೀನಿನಿಂದಲೇ ಆದದ್ದು. ಅಮ್ಮ ಪ್ರೀತಿಯಿಂದ ಕಲಸಿಡುವ ಮೊಸರನ್ನದಲ್ಲಿ ಅದು ಸಾಲದು. ವೈದ್ಯರು ಬೇಯಿಸಿದ ಮೊಟ್ಟೆಯನ್ನೂ, ತೂಕಕ್ಕೆ ತಕ್ಕ ಅಳತೆಯಲ್ಲಿ ಮೀನೆಣ್ಣೆಯನ್ನೂ ಹೇಳಿ, ಗುಣ ಕಾಣಲು ಕೆಲವು ವಾರಗಳಾದರೂ ಬೇಕೆಂದಿದ್ದರು. ನಮ್ಮ ಅಡುಗೆಮನೆಗೆ ಮೊಟ್ಟೆ ಇದುವರೆಗೆ ಬಂದದ್ದಿಲ್ಲ. ಅಮ್ಮ ಬಹಳ ಹೊತ್ತು ಯೋಚಿಸಿ, ಹಿತ್ತಿಲಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಳ್ಳುವುದಾದರೆ ಅಡ್ಡಿಯಿಲ್ಲ, ಆದರೆ ಮೊಸರನ್ನ ಪೂರ್ತಿ ನಿಲ್ಲಿಸುವ ಮಾತೇ ಇಲ್ಲ ಎಂದು ತೀರ್ಪು ಕೊಟ್ಟರು.